ಯಂತ್ರ ಹೆಸರನ್ನು ಮೊದಲು ಯಾರಲ್ಲಿ ಕೇಳುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಗಂಟಿನ ಸುತ್ತ ಇವೆ. ಲಿನಕ್ಸ್ ಯಂತ್ರಕ್ಕೆ ಒಂದು ಹೆಸರು ಕೊಟ್ಟರೆ ಅದರ ಐಪಿ ವಿಳಾಸವನ್ನು ಅದು ಎಲ್ಲೆಲ್ಲಿ, ಯಾವ ಸರದಿಯಲ್ಲಿ ಹುಡುಕುತ್ತದೆ ಎಂಬುದೇ ಆ ಗಂಟು. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಉಳಿದವುಗಳ ಬೇರೂ ಅಲ್ಲೇ ಉಂಟು. ಫೈಲು ಮತ್ತು ಕಮಾಂಡುಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಅಚ್ಚು ಹಾಕಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.

ಪ್ರಶ್ನೆ: ಅಕ್ಕಾ, ನಮಸ್ಕಾರ. ಮಂಗಳೂರು ಬಂದರಿನಲ್ಲಿ ನಮ್ಮದು ಜೀನಸಿನ ಹೋಲ್‌ಸೇಲ್ ಅಂಗಡಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತಲ್ಲ, ಹೊಸ ಕಂಪ್ಯೂಟರ್ ತೆಗೆದುಕೊಳ್ಳುವ ಬದಲು ಇದ್ದ ಆರಕ್ಕೂ ಡೆಬಿಯನ್ 12 ಎಂಬ ಲಿನಕ್ಸ್ ಹಾಕಿಸಿದೆವು. ಲೆಕ್ಕದ ಸರ್ವರ್ ಹಿಂದಿನ ಕೋಣೆಯಲ್ಲಿ ಉಂಟು. ಹೆಸರು ಲೆಕ್ಕ.ಲೋಕಲ್, ವಿಳಾಸ 192.168.1.10. ಈಗ ಐದು ಕಂಪ್ಯೂಟರುಗಳಲ್ಲಿ ಬ್ರೌಸರಿಗೆ ಆ ಹೆಸರು ಕೊಟ್ಟರೆ ಸ್ವಲ್ಪ ಹೊತ್ತು ಸುತ್ತಿ ‘ಸರ್ವರ್ ಸಿಗಲಿಲ್ಲ’ ಅನ್ನುತ್ತದೆ. ಯಂತ್ರ ಸಿಗುತ್ತದೆಯೇ ಎಂದು ನೋಡುವ ಪಿಂಗ್ ಕಮಾಂಡ್ ಕೊಟ್ಟರೂ ಹಾಗೆಯೇ. ಆದರೆ ಎನ್‌ಎಸ್‌ಲುಕಪ್ ಎಂಬ ಹೆಸರು ಹುಡುಕುವ ಕಮಾಂಡ್ ಕೊಟ್ಟರೆ ವಿಳಾಸ ಸರಿಯಾಗಿ ಬರುತ್ತದೆ! ಹೆಸರಿನ ಬದಲು ವಿಳಾಸವನ್ನೇ ಹಾಕಿದರೆ ಲೆಕ್ಕವೂ ತೆರೆಯುತ್ತದೆ. ಗೋದಾಮಿನಲ್ಲಿರುವ ಆರನೆಯ ಯಂತ್ರದಲ್ಲಿ ಮಾತ್ರ ಯಾವ ತೊಂದರೆಯೂ ಇಲ್ಲ. ನೆಟ್‌ವರ್ಕಿನವರು ಬಂದು ಕೇಬಲ್ ಬದಲಿಸಿದರು, ಸ್ವಿಚ್ ಬದಲಿಸಿದರು, ಬಿಲ್ ಕೊಟ್ಟು ಹೋದರು. ಮಾವನವರು ‘ಹಳತೇ ಒಳ್ಳೆದಿತ್ತು’ ಅಂತ ಶುರು ಮಾಡಿದ್ದಾರೆ. ಏನು ಮಾಡುವುದು ಹೇಳಿ.
— ಒಬ್ಬ ಓದುಗಿ, ಬಂದರು, ಮಂಗಳೂರು

ಉತ್ತರ: ನಿಮ್ಮ ಕೇಬಲ್ ಸರಿ ಇತ್ತು, ಸ್ವಿಚ್ಚೂ ಸರಿ ಇತ್ತು. ವಿಳಾಸ ಹಾಕಿದರೆ ಲೆಕ್ಕ ತೆರೆಯುತ್ತದೆ ಎಂದು ನೀವೇ ಬರೆದಿದ್ದೀರಿ. ಅಂದರೆ ಆ ಯಂತ್ರದಿಂದ ಸರ್ವರಿನ ತನಕ ದಾರಿ ಚೆನ್ನಾಗಿಯೇ ಉಂಟು. ಇಷ್ಟು ತಿಳಿದ ಮೇಲೆ ತಂತಿ ಮುಟ್ಟುವ ಅಗತ್ಯವೇ ಇರಲಿಲ್ಲ. ಒಂದು ಸಾಲು ಓದಿ ನೋಡಬೇಕಾದ ಕಡೆ ಜನರ ದುಡ್ಡು ಸಾಮಾನಿಗೆ ಹೋಗುವುದನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಪ್ರತಿ ಸಲವೂ ಸಂಕಟವಾಗುತ್ತದೆ.

ಪತ್ರ ಓದಿ ನಾನು ಇವರಿಗೆ ಫೋನ್ ಮಾಡಿ ಒಂದೇ ಒಂದು ಸಹಾಯ ಕೇಳಿದೆ. ತೊಂದರೆ ಇರುವ ಒಂದು ಯಂತ್ರ, ತೊಂದರೆ ಇಲ್ಲದ ಗೋದಾಮಿನ ಯಂತ್ರ, ಎರಡರಲ್ಲೂ /ಇಟಿಸಿ/ಎನ್‌ಎಸ್‌ಸ್ವಿಚ್.ಕಾನ್ಫ್ ಫೈಲು ತೆರೆದು, ‘ಹೋಸ್ಟ್ಸ್:’ ಎಂದು ಶುರುವಾಗುವ ಸಾಲಿನ ಫೋಟೋ ಕಳಿಸಿ ಎಂದೆ. ಹತ್ತು ನಿಮಿಷದಲ್ಲಿ ವಾಟ್ಸ್ಆ್ಯಪಿಗೆ ಬಂತು. ಗೋದಾಮಿನದ್ದು ಹೀಗಿತ್ತು:

ಹೋಸ್ಟ್ಸ್: ಫೈಲ್ಸ್ ಡಿಎನ್‌ಎಸ್

ಉಳಿದದ್ದು ಹೀಗಿತ್ತು:

ಹೋಸ್ಟ್ಸ್: ಫೈಲ್ಸ್ ಎಂಡಿಎನ್‌ಎಸ್4_ಮಿನಿಮಲ್ [ನಾಟ್‌ಫೌಂಡ್=ರಿಟರ್ನ್] ಡಿಎನ್‌ಎಸ್

ಎರಡನ್ನೂ ಮೇಲೆ ಕೆಳಗೆ ಇಟ್ಟು ನೋಡಿದಾಗ ಉತ್ತರ ಎದುರಿಗೇ ಇತ್ತು.

ಈ ಸಾಲನ್ನು ಎಡದಿಂದ ಬಲಕ್ಕೆ ಓದಬೇಕು. ಬ್ರೌಸರ್, ಪಿಂಗ್, ಲೆಕ್ಕದ ತಂತ್ರಾಂಶ, ಯಾವುದೇ ಇರಲಿ, ಹೆಸರಿನ ವಿಳಾಸ ಬೇಕಾದಾಗ ಯಂತ್ರದ ಸಿ ಲೈಬ್ರರಿಯನ್ನು (ಪ್ರೋಗ್ರಾಂಗಳೆಲ್ಲ ಹಂಚಿಕೊಂಡು ಬಳಸುವ ಮೂಲ ಕೋಡಿನ ಸಂಗ್ರಹ) ಕೇಳುತ್ತದೆ. ಲೈಬ್ರರಿ ಈ ಸಾಲು ನೋಡಿ ಒಬ್ಬೊಬ್ಬರ ಬಳಿ ಹೋಗುತ್ತದೆ. ‘ಫೈಲ್ಸ್’ ಎಂದರೆ ಯಂತ್ರದೊಳಗೇ ಇರುವ /ಇಟಿಸಿ/ಹೋಸ್ಟ್ಸ್ ಪಟ್ಟಿ. ‘ಡಿಎನ್‌ಎಸ್’ ಎಂದರೆ /ಇಟಿಸಿ/ರಿಸಾಲ್ವ್.ಕಾನ್ಫ್‌ನಲ್ಲಿ ಬರೆದ ಹೆಸರಿನ ಸರ್ವರ್, ನಿಮ್ಮಲ್ಲಿ ಅದು ರೌಟರ್. ನಡುವೆ ಇರುವ ‘ಎಂಡಿಎನ್‌ಎಸ್’ ಯಾವ ಸರ್ವರನ್ನೂ ಕೇಳುವುದಿಲ್ಲ. ‘ಲೆಕ್ಕ.ಲೋಕಲ್ ಎಂಬುವವರು ಇಲ್ಲಿ ಯಾರಾದರೂ ಇದ್ದೀರಾ?’ ಎಂದು ಒಂದೇ ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ 224.0.0.251 ಎಂಬ ಗುಂಪು ವಿಳಾಸಕ್ಕೆ, 5353ನೇ ಪೋರ್ಟಿನಲ್ಲಿ ಕೂಗುತ್ತದೆ. ಆ ಹೆಸರಿನ ಯಂತ್ರವೇ ‘ನಾನಿದ್ದೇನೆ’ ಎಂದು ಓಗೊಡಬೇಕು. ಹೊಸ ಪ್ರಿಂಟರುಗಳು ಡ್ರೈವರ್ ಹಾಕದೆಯೇ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಈ ಕೂಗಿನಿಂದಲೇ. ಲಿನಕ್ಸಿನಲ್ಲಿ ಈ ಕೆಲಸ ಮಾಡುವ ಸೇವೆಯ ಹೆಸರು ಅವಾಹಿ.

ಈಗ ಆವರಣದೊಳಗಿನ ಮಾತಿಗೆ ಬರೋಣ, ಗುಟ್ಟು ಇರುವುದು ಅಲ್ಲಿ. ಒಬ್ಬೊಬ್ಬರನ್ನು ಕೇಳಿದಾಗಲೂ ನಾಲ್ಕರಲ್ಲಿ ಒಂದು ಫಲ ಬರುತ್ತದೆ: ಸಿಕ್ಕಿತು, ಅಂಥ ಹೆಸರಿಲ್ಲ, ಕೇಳಬೇಕಾದವರೇ ಇಲ್ಲ, ಈಗ ಆಗುವುದಿಲ್ಲ ಮತ್ತೆ ಬನ್ನಿ. ಬೇರೇನೂ ಬರೆಯದಿದ್ದರೆ, ಸಿಕ್ಕಿತು ಎಂದಾಗ ಹುಡುಕಾಟ ನಿಲ್ಲುತ್ತದೆ, ಉಳಿದ ಮೂರರಲ್ಲೂ ಮುಂದಿನವರ ಬಳಿ ಹೋಗುತ್ತದೆ. [ನಾಟ್‌ಫೌಂಡ್=ರಿಟರ್ನ್] ಈ ನಿಯಮವನ್ನು ಬದಲಿಸುತ್ತದೆ. ಕೂಗಿಗೆ ಯಾರೂ ಓಗೊಡದಿದ್ದರೆ ಅದೇ ಕಡೆಯ ಮಾತು, ಡಿಎನ್‌ಎಸ್‌ವರೆಗೆ ಹೋಗಲೇಬೇಡ ಎಂದು ಅದರರ್ಥ.

ನಿಮ್ಮ ಸರ್ವರ್‌ನಲ್ಲಿ ಅವಾಹಿ ಇಲ್ಲ, ಅದು ಓಗೊಡುವುದಿಲ್ಲ. ಅದರ ಹೆಸರು ಗೊತ್ತಿರುವುದು ರೌಟರಿಗೆ. ಆ ರೌಟರನ್ನು ಕೇಳುವ ಮೊದಲೇ ಯಂತ್ರ ‘ಇಲ್ಲ’ ಎಂದು ತೀರ್ಮಾನಿಸಿ ಮರಳುತ್ತಿದೆ. ಗೋದಾಮಿನ ಯಂತ್ರದಲ್ಲಿ ಎಂಡಿಎನ್‌ಎಸ್ ಹಾಕಿಯೇ ಇಲ್ಲ, ಹಾಗಾಗಿ ಅದು ನೇರ ರೌಟರಿಗೆ ಹೋಗುತ್ತದೆ. ಎನ್‌ಎಸ್‌ಲುಕಪ್ ಮತ್ತು ಅದರಂಥದ್ದೇ ಆದ ಡಿಗ್ ಕಮಾಂಡ್ ಈ ಸಾಲನ್ನು ಓದುವುದೇ ಇಲ್ಲ, ಅವು ಯಾವಾಗಲೂ ಡಿಎನ್‌ಎಸ್ ಸರ್ವರನ್ನೇ ಕೇಳುತ್ತವೆ. ನಿಮ್ಮನ್ನು ದಾರಿ ತಪ್ಪಿಸಿದ್ದು ಇದೇ. ‘ಹೆಸರು ಸಿಗುತ್ತಿದೆಯಲ್ಲ’ ಎಂದು ಆ ಕಮಾಂಡ್ ಹೇಳಿದ್ದು ಸುಳ್ಳಲ್ಲ. ಆದರೆ ಬ್ರೌಸರ್ ಹೋಗುವ ದಾರಿಯಲ್ಲಿ ಅದು ಹೋಗಲಿಲ್ಲ.

ಆ ಶನಿವಾರ ನನಗೆ ಮಂಗಳೂರಿನಲ್ಲಿ ಬೇರೆ ಕೆಲಸವಿತ್ತು. ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸ್ಟೇಟ್‌ಬ್ಯಾಂಕಿಗೆ ಬಂದಿಳಿದವಳು ಬಂದರಿಗೆ ನಡೆದೇ ಹೋದೆ. ಒಣಮೆಣಸಿನ ಘಾಟು, ಬೆಲ್ಲದ ವಾಸನೆ. ಕಂಪ್ಯೂಟರಿನ ಮೇಲೆ ಮೆಣಸಿನ ಧೂಳು ಕೂರದಂತೆ ಹಳೆಯ ವೇಷ್ಟಿಯ ತುಂಡು ಹೊದೆಸಿದ್ದರು. ಅದನ್ನು ಸರಿಸಿ, ಟರ್ಮಿನಲ್ ತೆರೆದು, ಒಬ್ಬೊಬ್ಬರನ್ನೇ ಬೇರೆ ಬೇರೆ ಕೇಳಿ ನೋಡಿದೆವು. ಇದಕ್ಕೆ ಗೆಟ್‌ಎಂಟ್ ಎಂಬ ಕಮಾಂಡ್ ಉಂಟು. ಸಿ ಲೈಬ್ರರಿಯ ದಾರಿಯಲ್ಲೇ ಹೋಗಿ ಕೇಳುವುದು ಅದರ ಗುಣ. ಮೊದಲು,

ಗೆಟ್‌ಎಂಟ್ -ಎಸ್ ಫೈಲ್ಸ್ ಹೋಸ್ಟ್ಸ್ ಲೆಕ್ಕ.ಲೋಕಲ್

ಏನನ್ನೂ ಬರೆಯದೆ ಕರ್ಸರ್ ತಕ್ಷಣ ಮುಂದಿನ ಸಾಲಿಗೆ ಬಂತು. ಪಟ್ಟಿಯಲ್ಲಿ ಹೆಸರಿಲ್ಲ, ಸರಿ. ಫೈಲ್ಸ್ ಇದ್ದ ಕಡೆ ಎಂಡಿಎನ್‌ಎಸ್4_ಮಿನಿಮಲ್ ಎಂದು ಬರೆದು ಮತ್ತೆ ಕೇಳಿದೆವು. ಈ ಸಲ ಕರ್ಸರ್ ಮಿನುಗುತ್ತಾ ಕೆಲವು ಸೆಕೆಂಡ್ ಅಲ್ಲೇ ನಿಂತಿತು, ಆಮೇಲೆ ಬರಿಗೈಯಲ್ಲಿ ಬಂತು. ಬ್ರೌಸರ್ ‘ಸ್ವಲ್ಪ ಹೊತ್ತು ಸುತ್ತುತ್ತದೆ’ ಎಂದು ನೀವು ಬರೆದದ್ದು ಇದೇ ಹೊತ್ತು: ಓಗೊಡುವವರಿಗಾಗಿ ಕಾದ ಹೊತ್ತು. ಮೂರನೆಯದಾಗಿ ಡಿಎನ್‌ಎಸ್ ಎಂದು ಹಾಕಿದೆವು. ಒತ್ತಿದ ಕೂಡಲೇ 192.168.1.10.

ಗಲ್ಲಾದಲ್ಲಿ ಕೂತಿದ್ದ ಮಾವನವರು ಎದ್ದು ಬಂದು ಬೆನ್ನ ಹಿಂದೆ ನಿಂತಿದ್ದರು. ಅವರಿಗೆ ಹೇಗೆ ಹೇಳುವುದೆಂದು ಯೋಚಿಸಿ ಕೇಳಿದೆ, “ಗಿರಾಕಿ ಬ್ಯಾಡಗಿ ಮೆಣಸು ಕೇಳಿಕೊಂಡು ಬಂದ, ನಿಮ್ಮಲ್ಲಿ ಮುಗಿದಿದೆ. ಏನು ಹೇಳ್ತೀರಿ?” ಅವರೆಂದರು, “ಪಕ್ಕದವರಲ್ಲಿ ಕೇಳಿ ಅಂತ ಹೇಳುದು. ನಮ್ಮಲ್ಲಿ ಇಲ್ಲ ಅಂದ್ರೆ ಬಂದರಿನಲ್ಲೇ ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ ಮಾರಾಯ್ರೆ?” ಈ ಯಂತ್ರಗಳು ಹಾಗೆಯೇ ಹೇಳುತ್ತಿದ್ದವು ಎಂದೆ. ಅವರು ಆ ಸಾಲನ್ನು ಕನ್ನಡಕ ಏರಿಸಿ ಎರಡು ಸಲ ಓದಿದರು.

ಹಾಗಾದರೆ ಆ ಆವರಣವನ್ನು ಬರೆದವರು ತಪ್ಪು ಮಾಡಿದರೇ? ಇಲ್ಲ. ಡಾಟ್ ಲೋಕಲ್ ಎಂಬ ಕೊನೆಯನ್ನು ಈ ಕೂಗಿ ಕರೆಯುವ ಪದ್ಧತಿಗೆಂದೇ 2013ರಲ್ಲಿ ಆರ್‌ಎಫ್‌ಸಿ 6762 ಎಂಬ ಇಂಟರ್ನೆಟ್ ನಿಯಮಗಳ ದಾಖಲೆ ಮೀಸಲಿಟ್ಟಿದೆ. ಆ ಹೆಸರುಗಳ ವಿಚಾರಣೆ ಮನೆಯ ಹೊರಗಿನ ಸರ್ವರ್‌ಗಳಿಗೆ ಸೋರಬಾರದು ಎಂಬುದು ಆವರಣದ ಉದ್ದೇಶ. ‘ಮಿನಿಮಲ್’ ಎಂಬ ಪದದ ಅರ್ಥವೂ ಡಾಟ್ ಲೋಕಲ್ ಬಿಟ್ಟು ಬೇರೆ ಹೆಸರಿಗೆ ನಾನು ಕೈ ಹಾಕುವುದಿಲ್ಲ ಎಂದೇ. ನಿಮ್ಮ ಸರ್ವರಿಗೆ ಆ ಹೆಸರಿಟ್ಟವರು ಬೇರೆಯವರಿಗೆ ಮೀಸಲಾದ ಕುರ್ಚಿಯಲ್ಲಿ ಅದನ್ನು ಕೂರಿಸಿದರು. ಸಣ್ಣ ಕಚೇರಿಗಳಲ್ಲಿ ಈ ತಪ್ಪು ಬಹಳ ಸಾಮಾನ್ಯ.

ದಾರಿಗಳು ಹಲವು ಉಂಟು, ಎಲ್ಲವೂ ಸಮ ಅಲ್ಲ. ಆವರಣವನ್ನಷ್ಟೇ ಅಳಿಸಿದರೆ ಲೆಕ್ಕ ತೆರೆಯುತ್ತದೆ, ಆದರೆ ಪ್ರತಿ ಸಲ ಆ ಕೆಲವು ಸೆಕೆಂಡ್ ಕಾದ ಮೇಲೆ. ದಿನಕ್ಕೆ ನೂರು ಬಿಲ್ ಹಾಕುವಲ್ಲಿ ಇದು ತಾಳ್ಮೆ ಕೆಡಿಸುತ್ತದೆ. ಎಂಡಿಎನ್‌ಎಸ್ ಅನ್ನೇ ಕಿತ್ತುಹಾಕಿದರೆ ನಾಳೆ ಹೊಸ ಪ್ರಿಂಟರ್ ತಂದಾಗ ‘ಕಾಣುತ್ತಿಲ್ಲ’ ಎಂದು ಇನ್ನೊಂದು ಪತ್ರ ಬರೆಯುತ್ತೀರಿ. ಆ ದಿನದ ಮಟ್ಟಿಗೆ ನಾವು ಮಾಡಿದ್ದು ಸರದಿ ಬದಲಾವಣೆ:

ಹೋಸ್ಟ್ಸ್: ಫೈಲ್ಸ್ ಡಿಎನ್‌ಎಸ್ ಎಂಡಿಎನ್‌ಎಸ್4_ಮಿನಿಮಲ್

ರೌಟರಿಗೆ ಗೊತ್ತಿರುವ ಹೆಸರು ಕೂಡಲೇ ಸಿಗುತ್ತದೆ. ಪ್ರಿಂಟರಿನ ಹೆಸರು ರೌಟರಿಗೆ ಗೊತ್ತಿಲ್ಲ, ಅದು ಇಲ್ಲ ಎಂದ ಮೇಲೆ ಕೂಗಿ ಕೇಳಲಾಗುತ್ತದೆ, ಪ್ರಿಂಟರ್ ಓಗೊಡುತ್ತದೆ.

ಈ ಫೈಲಿಗೆ ಕೈ ಹಾಕುವವರಿಗೆ ಒಂದು ಕಟ್ಟುನಿಟ್ಟಿನ ಮಾತು. ಮೊದಲು ಅದರ ಪ್ರತಿ ಮಾಡಿಟ್ಟುಕೊಳ್ಳಿ. ಅದೇ ಫೈಲಿನಲ್ಲಿ ಪಾಸ್‌ಡಬ್ಲ್ಯುಡಿ, ಗ್ರೂಪ್, ಶ್ಯಾಡೋ ಎಂದು ಶುರುವಾಗುವ ಸಾಲುಗಳೂ ಇವೆ. ಅವು ಬಳಕೆದಾರರ ಖಾತೆಗಳನ್ನು ಎಲ್ಲಿ ಹುಡುಕಬೇಕು ಎಂದು ಹೇಳುವಂಥವು. ಅಲ್ಲಿ ಒಂದು ಅಕ್ಷರ ಹೋದರೂ ಲಾಗಿನ್ ಆಗಲಿಕ್ಕೆ ಬಾರದೆ ಹೊರಗೆ ನಿಲ್ಲಬೇಕಾದೀತು. ರೂಟ್ (ಎಲ್ಲ ಅಧಿಕಾರ ಇರುವ ಖಾತೆ) ಆಗಿ ಇನ್ನೊಂದು ಟರ್ಮಿನಲ್ ತೆರೆದಿಟ್ಟುಕೊಂಡೇ ತಿದ್ದಿ, ಗೆಟ್‌ಎಂಟ್‌ನಿಂದ ಪರೀಕ್ಷಿಸಿ, ಆಮೇಲೆ ಅದನ್ನು ಮುಚ್ಚಿ. ಮೊದಲೇ ಓಡುತ್ತಿರುವ ಪ್ರೋಗ್ರಾಂಗಳು ಹಳೆಯ ಸಾಲನ್ನೇ ನೆನಪಿಟ್ಟುಕೊಂಡಿರಬಹುದು, ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಿರಿ. ‘ಫೈಲ್ಸ್’ ಅನ್ನು ಮಾತ್ರ ಮೊದಲ ಜಾಗದಿಂದ ಕದಲಿಸಬೇಡಿ. ಲೋಕಲ್‌ಹೋಸ್ಟ್ ಎಂಬ ಹೆಸರು, ಡೆಬಿಯನ್‌ನಲ್ಲಿ 127.0.1.1ರ ಎದುರು ಬರೆದಿರುವ ಯಂತ್ರದ ಸ್ವಂತ ಹೆಸರು, ಎರಡೂ ಅಲ್ಲಿಂದ ಬರಬೇಕು. ಜಾಲ ಇಲ್ಲದಾಗಲೂ ಯಂತ್ರಕ್ಕೆ ತನ್ನ ಹೆಸರು ತಿಳಿದಿರಬೇಕಲ್ಲ.

‘ಅಷ್ಟೆಲ್ಲ ಯಾಕೆ, ಐದು ಯಂತ್ರಗಳ ಹೋಸ್ಟ್ಸ್ ಪಟ್ಟಿಯಲ್ಲೂ ಒಂದೊಂದು ಸಾಲು ಬರೆದರಾಯಿತಲ್ಲ’ ಎಂದು ಇವರು ಕೇಳಿದರು. ಬರೆದರೆ ಕೆಲಸ ಆಗುತ್ತದೆ ನಿಜ. ಬೇಡ ಎಂದೆ, ಕಾರಣ ನನ್ನ ಅನುಭವ. ಕೆಲವು ವರ್ಷದ ಹಿಂದೆ ಮಂಗಳೂರಿನ ಒಂದು ಕಚೇರಿಯಲ್ಲಿ ಸರ್ವರ್ ಬದಲಿಸುವಾಗ ಪರೀಕ್ಷೆಗೆಂದು ಹದಿನಾಲ್ಕು ಯಂತ್ರಗಳ ಪಟ್ಟಿಯಲ್ಲಿ ಒಂದು ಸಾಲು ಬರೆದೆ. ಕೆಲಸ ಮುಗಿದಾಗ ಹದಿಮೂರರಲ್ಲಿ ಅಳಿಸಿದೆ. ರಜೆಯಲ್ಲಿದ್ದವರ ಒಂದು ಯಂತ್ರ ಉಳಿದುಹೋಯಿತು. ತಿಂಗಳುಗಳ ನಂತರ ಸರ್ವರಿನ ವಿಳಾಸ ಬದಲಾಯಿತು, ಹಳೆಯ ವಿಳಾಸ ಗೋಡೆಯ ಮೇಲಿನ ಹಾಜರಿ ಯಂತ್ರಕ್ಕೆ ಹೋಯಿತು. ಆ ಒಬ್ಬ ಹುಡುಗಿಗೆ ಮಾತ್ರ ಲೆಕ್ಕ ತೆರೆದರೆ ಬೆರಳಚ್ಚು ಹಾಜರಿಯ ಲಾಗಿನ್ ಪುಟ ಬರುತ್ತಿತ್ತು. ಎರಡು ದಿನ ಅವಳು ತನ್ನ ಪಾಸ್‌ವರ್ಡನ್ನು ಅದರಲ್ಲಿ ಹಾಕುತ್ತಲೇ ಇದ್ದಳಂತೆ. ಮೇಲಿನವರು ಅವಳನ್ನೇ ಗದರಿಸಿದ್ದರು. ಹೋಸ್ಟ್ಸ್ ಪಟ್ಟಿ ಎಲ್ಲರಿಗಿಂತ ಮೊದಲು ಮಾತಾಡುತ್ತದೆ, ಅದಾದ ಮೇಲೆ ಬೇರೆ ಯಾರನ್ನೂ ಕೇಳುವುದಿಲ್ಲ. ಹಾಗಾಗಿ ಅದರಲ್ಲಿ ಉಳಿದ ಹಳೆಯ ಸಾಲು ಯಾರ ಕಣ್ಣಿಗೂ ಬೀಳದೆ ಕೆಡಿಸುತ್ತದೆ. ಆ ಹುಡುಗಿಯ ಹತ್ತಿರ ಹೋಗಿ ತಪ್ಪು ನನ್ನದು ಎಂದು ಹೇಳಿದೆ. ಅಂದಿನಿಂದ ಆ ಪಟ್ಟಿಯಲ್ಲಿ ಏನು ಬರೆದರೂ ಮೇಲಿನ ಸಾಲಿನಲ್ಲಿ ಹ್ಯಾಶ್ ಚಿಹ್ನೆ ಹಾಕಿ ತಾರೀಕು, ನನ್ನ ಹೆಸರು, ಯಾವಾಗ ಅಳಿಸಬೇಕು, ಮೂರನ್ನೂ ಬರೆಯುತ್ತೇನೆ.

ಶಾಶ್ವತ ಪರಿಹಾರ ಹೆಸರು ಬದಲಿಸುವುದೇ. ಖಾಸಗಿ ಜಾಲಗಳ ಬಳಕೆಗೆಂದು ಡಾಟ್ ಇಂಟರ್ನಲ್ ಎಂಬ ಕೊನೆಯನ್ನು ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 2024ರಲ್ಲಿ ಮೀಸಲಿಟ್ಟಿದೆ. ಮನೆಯ ಜಾಲಕ್ಕಾದರೆ ಹೋಮ್.ಆರ್ಪಾ ಎಂಬುದು 2018ರಿಂದಲೇ ಉಂಟು. ಇವರ ರೌಟರಿನಲ್ಲಿ ಹೆಸರು ಹೇಳುವ ಕೆಲಸ ಡಿಎನ್‌ಎಸ್‌ಮಾಸ್ಕ್ ಎಂಬ ಪ್ರೋಗ್ರಾಂನದು. ಅದರಲ್ಲಿ ಲೆಕ್ಕ.ಅಂಗಡಿ.ಇಂಟರ್ನಲ್ ಎಂಬ ಹೊಸ ಹೆಸರನ್ನು ಅದೇ ವಿಳಾಸಕ್ಕೆ ಸೇರಿಸಿದೆವು. ಅಂಗಡಿ.ಇಂಟರ್ನಲ್‌ನ ಪ್ರಶ್ನೆಗಳನ್ನು ಹೊರಗೆ ಕಳಿಸಬೇಡ ಎಂದು ಇನ್ನೊಂದು ಸಾಲು. ಹಳೆಯ ಹೆಸರನ್ನು ತೆಗೆಯಲಿಲ್ಲ. ಎರಡೂ ಹೆಸರು ಒಂದು ತಿಂಗಳು ಒಟ್ಟಿಗೆ ಇರಲಿ, ಎಲ್ಲರ ಬುಕ್‌ಮಾರ್ಕ್ ಬದಲಾದ ಮೇಲೆ ಹಳತನ್ನು ತೆಗೆದು, ಎನ್‌ಎಸ್‌ಸ್ವಿಚ್‌ನ ಸಾಲನ್ನು ಡೆಬಿಯನ್ ಕೊಟ್ಟಂತೆ ಮೊದಲಿನ ರೂಪಕ್ಕೆ ತನ್ನಿ.

ಇದೇ ತೊಂದರೆ ಇರುವ ಬೇರೆಯವರಿಗೆ ಒಂದು ಮಾತು. ನಿಮ್ಮ ಹೆಸರಿನಲ್ಲಿ ಮೂರು ಭಾಗ ಇದ್ದರೆ, ಉದಾಹರಣೆಗೆ ಲೆಕ್ಕ.ಅಂಗಡಿ.ಲೋಕಲ್, ಈಗಿನ ಎಂಡಿಎನ್‌ಎಸ್ ಅದನ್ನು ತನ್ನದಲ್ಲವೆಂದು ಬಿಟ್ಟುಕೊಡುತ್ತದೆ, ಹುಡುಕಾಟ ಡಿಎನ್‌ಎಸ್‌ಗೆ ಮುಂದುವರಿಯುತ್ತದೆ. ಹಳೆಯ ಆವೃತ್ತಿಗಳಲ್ಲಿ ಈ ವಿನಾಯಿತಿ ಇರಲಿಲ್ಲ. ಆದ್ದರಿಂದಲೇ ಒಂದೇ ಕಚೇರಿಯ ಹಳೆ ಯಂತ್ರದಲ್ಲಿ ಒಂದು, ಹೊಸ ಯಂತ್ರದಲ್ಲಿ ಇನ್ನೊಂದು ಫಲ ಬರುವುದುಂಟು.

ಪ್ರಶ್ನೆ: ರಿಸಾಲ್ವ್.ಕಾನ್ಫ್‌ನಲ್ಲಿ ನೇಮ್‌ಸರ್ವರ್ 8.8.8.8 ಮೊದಲು, ನಮ್ಮ ಕಚೇರಿಯ 192.168.0.2 ಎರಡನೆಯದು ಎಂದು ಬರೆದಿದ್ದೇನೆ. ಹೊರಗಿನ ಹೆಸರೆಲ್ಲ ಸಿಗುತ್ತದೆ, ಕಚೇರಿಯೊಳಗಿನದು ಸಿಗುವುದಿಲ್ಲ. ಸರದಿ ತಿರುಗಿಸಿದರೆ ಎರಡೂ ಸಿಗುತ್ತದೆ. ಆದರೆ ಕರೆಂಟ್ ಹೋಗಿ ಕಚೇರಿಯ ಸರ್ವರ್ ನಿಂತಾಗ ಪ್ರತಿ ಪುಟವೂ ಆಮೆಯಂತೆ ತೆರೆಯುತ್ತದೆ. ಒಂದು ಇಲ್ಲದಿದ್ದರೆ ಇನ್ನೊಂದು ಎಂದಲ್ಲವೇ ಎರಡು ಬರೆಯುವುದು?
— ಓದುಗರು, ಕುಂಜಿಬೆಟ್ಟು, ಉಡುಪಿ

ಉತ್ತರ: ಒಂದು ‘ಇಲ್ಲದಿದ್ದರೆ’ ಎಂಬುದು ಹೌದು. ಒಂದು ‘ಇಲ್ಲ ಎಂದರೆ’ ಎಂಬುದು ಅಲ್ಲ. 8.8.8.8 ಎಂಬುದು ಗೂಗಲ್‌ನ ಸಾರ್ವಜನಿಕ ಸರ್ವರ್. ನಿಮ್ಮ ಕಚೇರಿಯ ಹೆಸರು ಕೇಳಿದಾಗ ಅದು ‘ಅಂಥ ಹೆಸರಿಲ್ಲ’ ಎಂದು ಸ್ಪಷ್ಟವಾಗಿ ಉತ್ತರ ಕೊಡುತ್ತದೆ. ಉತ್ತರ ಸಿಕ್ಕಿತು, ಕೆಲಸ ಮುಗಿಯಿತು, ಎರಡನೆಯವರನ್ನು ಯಾರೂ ಕೇಳುವುದಿಲ್ಲ. ಮೊದಲನೆಯವರು ಸದ್ದೇ ಮಾಡದಿದ್ದರೆ, ಅಥವಾ ನನ್ನಿಂದ ಆಗದು ಎಂದು ಕೈಚೆಲ್ಲಿದರೆ ಮಾತ್ರ ಎರಡನೆಯವರ ಸರದಿ. ಬಂದರಿನ ಓದುಗಿಯ ಆವರಣದಲ್ಲಿ ಇದ್ದದ್ದೂ ಇದೇ ಭೇದ. ಅಲ್ಲಿ ಅದನ್ನು ಅಳಿಸಲಿಕ್ಕೆ ಆಗುತ್ತದೆ, ಇಲ್ಲಿ ಆಗುವುದಿಲ್ಲ, ಡಿಎನ್‌ಎಸ್‌ನ ಪದ್ಧತಿಯೇ ಹಾಗೆ.

ಕರೆಂಟ್ ಹೋದಾಗಿನ ನಿಧಾನಕ್ಕೆ ಕಾರಣ, ಮೊದಲ ಸರ್ವರಿನ ಉತ್ತರಕ್ಕೆ ಲೈಬ್ರರಿ 5 ಸೆಕೆಂಡ್ ಕಾದು ಆಮೇಲೆ ಮುಂದಿನದಕ್ಕೆ ಹೋಗುವುದು. ಹೊಸ ಹೆಸರು ಬಂದಾಗಲೆಲ್ಲ ಮತ್ತೆ ಆ 5 ಸೆಕೆಂಡ್. ಒಂದು ಪುಟದಲ್ಲಿ ಹತ್ತು ಹೆಸರಿದ್ದರೆ ಲೆಕ್ಕ ನೀವೇ ಹಾಕಿ. ‘ಆಪ್ಶನ್ಸ್ ಟೈಮ್‌ಔಟ್:1’ ಎಂಬ ಸಾಲು ಸೇರಿಸಿದರೆ 1 ಸೆಕೆಂಡಿಗೆ ಇಳಿಯುತ್ತದೆ. ರೊಟೇಟ್ ಎಂಬ ಆಯ್ಕೆ ಬೇಡ. ಅದು ಇಬ್ಬರನ್ನೂ ಸರದಿಯಲ್ಲಿ ಕೇಳುವುದರಿಂದ ಕಚೇರಿಯ ಹೆಸರು ಒಮ್ಮೆ ಸಿಕ್ಕಿ ಒಮ್ಮೆ ಸಿಗದಂತಾಗುತ್ತದೆ, ಅಂಥ ತೊಂದರೆಯನ್ನು ಹಿಡಿಯುವುದು ಬಹಳ ಕಷ್ಟ. ಸರಿಯಾದ ವ್ಯವಸ್ಥೆ ಎಂದರೆ ಪಟ್ಟಿಯಲ್ಲಿ ಕಚೇರಿಯ ಸರ್ವರ್ ಮಾತ್ರ ಇರುವುದು, ತನಗೆ ಗೊತ್ತಿಲ್ಲದ ಹೆಸರನ್ನು ಅದೇ ಹೊರಗಿನವರಲ್ಲಿ ಕೇಳಿ ತಿಳಿಸುವುದು. ಆಸರೆಗೆ ಎರಡನೆಯದು ಬೇಕಾದರೆ ಅದಕ್ಕೂ ಕಚೇರಿಯ ಹೆಸರುಗಳು ಗೊತ್ತಿರಲಿ. ಪಟ್ಟಿಯಲ್ಲಿ ಮೂರಕ್ಕಿಂತ ಹೆಚ್ಚು ಬರೆದು ಪ್ರಯೋಜನವಿಲ್ಲ, ನಾಲ್ಕನೆಯದನ್ನು ಲೈಬ್ರರಿ ನೋಡುವುದಿಲ್ಲ. ಮತ್ತೆ, ಜೂನ್ ಬರುವ ಮೊದಲು ಆ ಸರ್ವರಿಗೆ ಒಂದು ಸಣ್ಣ ಯುಪಿಎಸ್ ಹಾಕಿಸಿ.

ಪ್ರಶ್ನೆ: ಉಬುಂಟು ಲಿನಕ್ಸಿನಲ್ಲಿ ರಿಸಾಲ್ವ್.ಕಾನ್ಫ್ ತೆರೆದರೆ 127.0.0.53 ಎಂದಷ್ಟೇ ಉಂಟು. ತಿದ್ದಿದರೆ ಮತ್ತೆ ಮೊದಲಿನಂತೆ ಆಗುತ್ತದೆ. ಯಾರ ವಿಳಾಸ ಇದು?
— ಓದುಗರು, ಮಣಿಪಾಲ

ಉತ್ತರ: ನಿಮ್ಮದೇ ಯಂತ್ರದೊಳಗೆ ಕೂತಿರುವ ಸಿಸ್ಟಮ್‌ಡಿ-ರಿಸಾಲ್ವ್‌ಡ್ ಎಂಬ ಸೇವೆಯ ವಿಳಾಸ. ಪ್ರೋಗ್ರಾಂಗಳು ಅದನ್ನು ಕೇಳುತ್ತವೆ, ಅದು ಹೊರಗಿನ ಸರ್ವರುಗಳನ್ನು ಕೇಳುತ್ತದೆ. ಆ ಫೈಲು ಅದರ ಕೈಯಲ್ಲಿದೆ, ತಿದ್ದಿ ಉಪಯೋಗವಿಲ್ಲ. ನಿಜವಾದ ಸರ್ವರ್ ಯಾವುದೆಂದು ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ತೋರಿಸುತ್ತದೆ. ಬದಲಾವಣೆಯನ್ನು ನೆಟ್‌ವರ್ಕ್ ಸಂಪರ್ಕದ ಸೆಟ್ಟಿಂಗಿನಲ್ಲೇ ಮಾಡಿ. ಡಾಟ್ ಲೋಕಲ್ ಹೆಸರಿನ ಸಮಸ್ಯೆ ಇರುವ ಉಬುಂಟು ಬಳಕೆದಾರರೂ ಗಮನಿಸಿ: ಎನ್‌ಎಸ್‌ಸ್ವಿಚ್‌ನ ಸರದಿ ಬದಲಿಸಿದರಷ್ಟೇ ನಿಮಗೆ ಸಾಲದು. ಲೋಕಲ್ ಎಂಬುದನ್ನು ಆ ಸಂಪರ್ಕದ ಸರ್ಚ್ ಡೊಮೇನ್‌ಗಳಲ್ಲಿ ಬರೆಯದ ಹೊರತು ಈ ಸೇವೆ ಅಂಥ ಹೆಸರನ್ನು ಸಾಮಾನ್ಯ ಡಿಎನ್‌ಎಸ್ ಸರ್ವರಿಗೆ ಕಳಿಸುವುದಿಲ್ಲ.

ಪ್ರಶ್ನೆ: ಮೇಡಂ, ಲೈಬ್ರರಿಯಲ್ಲಿ ಸಿಕ್ಕ ಹಳೆಯ ಲಿನಕ್ಸ್ ಪುಸ್ತಕದಲ್ಲಿ /ಇಟಿಸಿ/ಹೋಸ್ಟ್.ಕಾನ್ಫ್ ಫೈಲಿನಲ್ಲಿ ‘ಆರ್ಡರ್ ಹೋಸ್ಟ್ಸ್, ಬೈಂಡ್’ ಎಂದು ಬರೆದರೆ ಸರದಿ ನಿರ್ಧಾರವಾಗುತ್ತದೆ ಎಂದಿದೆ. ‘ಬೈಂಡ್, ಹೋಸ್ಟ್ಸ್’ ಎಂದು ತಿರುಗಿಸಿ ಬರೆದರೂ ಏನೂ ಬದಲಾಗಲಿಲ್ಲ. ಪುಸ್ತಕ ತಪ್ಪೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಉತ್ತರ: ಅದು ಬರೆದ ಕಾಲಕ್ಕೆ ಪುಸ್ತಕ ಸರಿ. ಲಿನಕ್ಸ್ ಆಗ ಬಳಸುತ್ತಿದ್ದ ಲಿಬ್‌ಸಿ 5 ಎಂಬ ಲೈಬ್ರರಿ ಹೋಸ್ಟ್.ಕಾನ್ಫ್‌ನ ಆ ಸಾಲನ್ನು ಓದುತ್ತಿತ್ತು. ಬೈಂಡ್ ಎಂದರೆ ಅಲ್ಲಿ ಡಿಎನ್‌ಎಸ್. ಆಮೇಲೆ ಅದರ ಜಾಗಕ್ಕೆ ಗ್ಲಿಬ್‌ಸಿ ಎಂಬ ಲೈಬ್ರರಿ ಬಂತು, ಸನ್ ಮೈಕ್ರೋಸಿಸ್ಟಮ್ಸ್‌ನವರು ಸೋಲಾರಿಸ್ 2ರಲ್ಲಿ ತಂದಿದ್ದ ಎನ್‌ಎಸ್‌ಸ್ವಿಚ್ ಪದ್ಧತಿಯನ್ನು ಅದು ತೆಗೆದುಕೊಂಡಿತು. ಇಂದಿನ ಗ್ಲಿಬ್‌ಸಿ ಆರ್ಡರ್ ಸಾಲಿಗೆ ಬೆಲೆ ಕೊಡುವುದಿಲ್ಲ. ಆ ಫೈಲಿನಲ್ಲಿ ಈಗಲೂ ಕಾಣುವ ‘ಮಲ್ಟಿ ಆನ್’ ಎಂಬುದಕ್ಕೆ ಮಾತ್ರ ಕೆಲಸ ಉಂಟು: ಹೋಸ್ಟ್ಸ್ ಪಟ್ಟಿಯಲ್ಲಿ ಒಂದು ಹೆಸರಿಗೆ ಹಲವು ವಿಳಾಸ ಇದ್ದರೆ ಎಲ್ಲವನ್ನೂ ಕೊಡು ಎನ್ನುತ್ತದೆ ಅದು. ಆಲ್ಪೈನ್ ಲಿನಕ್ಸಿನ ಕಂಟೇನರಿನಲ್ಲಿ ಪ್ರಯೋಗ ಮಾಡಿದರೆ ಎನ್‌ಎಸ್‌ಸ್ವಿಚ್ ಕೂಡ ಲೆಕ್ಕಕ್ಕಿಲ್ಲ. ಅದರ ಮಸಲ್ ಎಂಬ ಲೈಬ್ರರಿ ಹೋಸ್ಟ್ಸ್ ಪಟ್ಟಿ ನೋಡಿ ನೇರ ಡಿಎನ್‌ಎಸ್‌ಗೆ ಹೋಗುತ್ತದೆ, ಸರದಿ ಬದಲಿಸಲು ಬರುವುದಿಲ್ಲ.

ಎರಡು ಕಡೆ ಹುಡುಕುವ ಈ ಅಭ್ಯಾಸಕ್ಕೆ ಒಂದು ಚರಿತ್ರೆ ಇದೆ. ಇಂಟರ್ನೆಟ್ಟಿಗೆ ಮೊದಲಿದ್ದ ಅರ್ಪಾನೆಟ್ ಜಾಲದ ಕಾಲದಲ್ಲಿ ಎಲ್ಲ ಯಂತ್ರಗಳ ಹೆಸರೂ ಹೋಸ್ಟ್ಸ್.ಟಿಎಕ್ಸ್‌ಟಿ ಎಂಬ ಒಂದೇ ಪಟ್ಟಿಯಲ್ಲಿ ಇರುತ್ತಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು, ಉಳಿದವರು ಅಲ್ಲಿಂದ ನಕಲು ತರಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಅದು ನಿಭಾಯಿಸಲಾಗದೆ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ನಿಮ್ಮ ಯಂತ್ರದ ಹೋಸ್ಟ್ಸ್ ಫೈಲು ಆ ಹಳೆಯ ಪಟ್ಟಿಯ ಪದ್ಧತಿಯಲ್ಲೇ ಉಳಿದುಕೊಂಡು ಬಂದದ್ದು. ಎರಡೂ ಇದ್ದ ಮೇಲೆ ಯಾವುದು ಮೊದಲು ಎಂಬ ಪ್ರಶ್ನೆ ಹುಟ್ಟಲೇಬೇಕಿತ್ತು.

ಓದಿ ಬಿಡಬೇಡಿ, ಕೈಯಾರೆ ಮಾಡಿ ನೋಡಿ. ವರ್ಚುವಲ್ ಯಂತ್ರವೊಂದರಲ್ಲಿ ಡೆಬಿಯನ್ ಹಾಕಿ. ಉಬುಂಟು ಬೇಡ, ಅಲ್ಲಿ ರಿಸಾಲ್ವ್‌ಡ್ ತಾನೂ ಹೋಸ್ಟ್ಸ್ ಪಟ್ಟಿ ಓದುವುದರಿಂದ ವ್ಯತ್ಯಾಸ ಕಾಣುವುದಿಲ್ಲ. ಹೋಸ್ಟ್ಸ್ ಪಟ್ಟಿಯ ಕೊನೆಗೆ ‘10.9.8.7 ಎಕ್ಸಾಂಪಲ್.ಕಾಮ್’ ಎಂದು ಬರೆದು, ‘ಗೆಟ್‌ಎಂಟ್ ಎಹೋಸ್ಟ್ಸ್‌ವಿ4 ಎಕ್ಸಾಂಪಲ್.ಕಾಮ್’ ಎಂದು ಕೇಳಿ. ಕೊನೆಯ ವಿ4 ಬಿಡಬೇಡಿ: ಬರೀ ‘ಹೋಸ್ಟ್ಸ್’ ಎಂದು ಕೇಳಿದರೆ ಗೆಟ್‌ಎಂಟ್ ಮೊದಲು ಐಪಿ ಆವೃತ್ತಿ 6ರ ವಿಳಾಸ ಹುಡುಕುತ್ತದೆ. ನಿಮ್ಮ ಪಟ್ಟಿಯಲ್ಲಿ ಅದಿಲ್ಲದೆ ಡಿಎನ್‌ಎಸ್‌ಗೆ ಹೋಗಿ, ನಿಜವಾದ ವಿಳಾಸ ತಂದು ನಿಮ್ಮನ್ನು ಗೊಂದಲಕ್ಕೆ ಹಾಕುತ್ತದೆ. 10.9.8.7 ಬಂದ ಮೇಲೆ ಅದೇ ಹೆಸರನ್ನು ಡಿಗ್‌ನಿಂದ ಕೇಳಿ, ಬೇರೆ ವಿಳಾಸ ಬರುತ್ತದೆ. ಆಮೇಲೆ ಎನ್‌ಎಸ್‌ಸ್ವಿಚ್‌ನಲ್ಲಿ ಫೈಲ್ಸ್ ಮತ್ತು ಡಿಎನ್‌ಎಸ್ ಅದಲುಬದಲು ಮಾಡಿ ಗೆಟ್‌ಎಂಟ್‌ನಿಂದ ಮತ್ತೊಮ್ಮೆ ಕೇಳಿ. ಕೊನೆಗೆ ವರ್ಚುವಲ್ ಯಂತ್ರದ ಐಪಿ ವಿಳಾಸ ಹಾಗೆಯೇ ಇರುವಂತೆ ಹೊರಗಿನ ಇಂಟರ್ನೆಟ್ ಸಂಪರ್ಕವನ್ನು ಮಾತ್ರ ಕಡಿದು, ಮೂರನೆಯ ಸಲ ಕೇಳಿ. 10.9.8.7 ಮರಳಿ ಬರುತ್ತದೆ, ಆದರೆ ಎಷ್ಟು ಹೊತ್ತಿಗೆ ಬಂತು ಎಂದು ಗಡಿಯಾರ ನೋಡಿ ಬರೆದಿಟ್ಟು ನನಗೆ ಕಳಿಸಿ.